ಶಿಂಷಾ ಹೊಳೆಯ ಕೆಳಗಿನ ಬಂಡೆ

ಮೈಸೂರಿನ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಬುರುಡೆ ಹಿಸುಕಿ, ರಕ್ತದೊತ್ತಡ ಏರಿದೆ ಎಂದರು. ಎಂದದ್ದು ನನಗಲ್ಲ, ಪಕ್ಕದಲ್ಲಿ ನಿಂತಿದ್ದ ನನ್ನ ಮಗನಿಗೆ. ಅಮ್ಮ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು, ಬೆಳಗ್ಗೆ ಎದ್ದು ಕಣ್ಣು ಮುಚ್ಚಿ ಕುಳಿತು ಉಸಿರನ್ನು ನಿಧಾನವಾಗಿ ಎಳೆದು ನಿಧಾನವಾಗಿ ಬಿಡಬೇಕು, ಮನೆಯ ಚಿಂತೆಯನ್ನು ಮನೆಯವರಿಗೆ ಬಿಡಬೇಕು ಎಂದು ಹೇಳಿ ಮುಂದಿನ ರೋಗಿಯನ್ನು ಕರೆದರು. ಚಿಂತೆ ಕೊಡುವವರೇ ಮನೆಯವರಾದರೆ ಏನು ಮಾಡಬೇಕು ಎಂದು ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಮಗ ನನ್ನ ಕೈ ಹಿಡಿದು ಎಬ್ಬಿಸಿದ್ದ. ಉಸಿರನ್ನು ನಾನು ಹುಟ್ಟಿದಾಗಿನಿಂದ ಎಳೆದು ಬಿಡುತ್ತಲೇ ಇದ್ದೇನೆ. ಅದರಿಂದ ಆಗುವುದಾಗಿದ್ದರೆ ಇಷ್ಟು ಹೊತ್ತಿಗೆ ಆಗಬೇಕಿತ್ತು.

ಚನ್ನಪಟ್ಟಣಕ್ಕೆ ಹಿಂದಿರುಗುವಾಗ ನಮ್ಮ ಬಸ್ಸು ಮದ್ದೂರು ದಾಟಿ ಸೇತುವೆಯ ಹತ್ತಿರ ಕೆಟ್ಟು ನಿಂತಿತು. ಜನ ಇಳಿದು ಡ್ರೈವರನ್ನು ಬೈದು, ಬೈದು ಸಾಕಾಗಿ ಮರದ ನೆರಳಿಗೆ ಹೋದರು. ನಾನು ಸೇತುವೆಯ ಕಟ್ಟೆ ಹಿಡಿದು ನಿಂತೆ. ಕೆಳಗೆ ಹೊಳೆಯ ದಂಡೆಯಲ್ಲಿ ಅಗಸರು ಉಬ್ಬೆ ಹಾಕಿದ್ದರು. ಚೌಳು ಮಣ್ಣಿನಲ್ಲಿ ಬೆಂದ ಬಟ್ಟೆಯ ವಾಸನೆ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದ ವಾಸನೆ ಮೇಲೆ ಬಂತು. ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಔಷಧ ಇಲ್ಲೇ ಇತ್ತಲ್ಲ, ಇದಕ್ಕೆ ಮೈಸೂರಿಗೆ ಯಾಕೆ ಹೋಗಬೇಕಿತ್ತು ಎನ್ನಿಸಿತು.

ನಾನು ಮದುವೆಯಾಗಿ ಮದ್ದೂರಿಗೆ ಬಂದದ್ದು ನಾಲೆಯ ನೀರು ಆ ಸೀಮೆಗೆಲ್ಲ ಹರಿದು ಕಬ್ಬು ಹೊಸದಾಗಿ ಹಬ್ಬುತ್ತಿದ್ದ ಕಾಲದಲ್ಲಿ. ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು. ನಾಲ್ಕೇ ಜನ, ಏನು ಕಷ್ಟ ಎಂದು ನನ್ನ ತೌರಿನವರು ಮಳವಳ್ಳಿಯಲ್ಲಿ ಸಂತೋಷಪಟ್ಟಿದ್ದರು. ಮದ್ದೂರು ಎಲ್ಲಿದೆ ಎಂಬುದನ್ನು ಅವರು ಯೋಚಿಸಿರಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರೂ ಮೈಸೂರಿನಿಂದ ಬೆಂಗಳೂರಿಗೆ ಹೋಗುವವರೂ ದಾಟಲೇಬೇಕಾದ ಊರು ಅದು. ಅಲ್ಲಿ ಮನೆ ಮಾಡಿದರೆ ರಸ್ತೆಯ ಮೇಲೆ ಎಲೆ ಹಾಕಿ ಕುಳಿತಂತೆಯೇ. ನಮ್ಮ ನೆಂಟರು, ನೆಂಟರ ನೆಂಟರು, ಮಾವನವರ ಜೊತೆ ಯಾವ ಕಾಲದಲ್ಲೋ ಓದಿದವರು, ಎಲ್ಲರಿಗೂ ನಮ್ಮ ಮನೆ ಅರ್ಧ ದಾರಿ. ಸ್ಟೇಷನ್ನಿನಲ್ಲೇ ವಡೆ ಸಿಗುತ್ತಿತ್ತು. ತಿಂದು ಅದೇ ರೈಲಿನಲ್ಲಿ ಮುಂದೆ ಹೋಗಬಹುದಿತ್ತು. ಆದರೆ ನಾನು ಬಂದ ವರ್ಷದ ಬೇಸಗೆಯಲ್ಲಿ, ಮದುವೆಗಳ ಕಾಲದಲ್ಲಿ, ಯಾರೂ ಹಾಗೆ ಹೋಗಲಿಲ್ಲ.

ಇದಕ್ಕೆ ಕಾರಣ ನಮ್ಮವರೇ. ಕಚೇರಿಯಲ್ಲಿ ಮೇಲಿನವರಿಂದ ಬೈಸಿಕೊಂಡ ದಿನ ಅವರಿಗೆ ತಲೆ ಸಿಡಿಯುತ್ತಿತ್ತು. ಆಗ ಮಧ್ಯಾಹ್ನದ ಊಟಕ್ಕೆ ನೇರವಾಗಿ ಮನೆಗೆ ಬಾರದೆ ಸ್ಟೇಷನ್ನಿಗೆ ಹೋಗುತ್ತಿದ್ದರು. ರೈಲು ಬರುವುದನ್ನು, ಎಂಜಿನ್ನು ನೀರು ಕುಡಿಯುವುದನ್ನು, ರೈಲು ಹೋಗುವುದನ್ನು ನೋಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಿದ್ದರು. ಹಗುರಾಗಲಿ, ಯಾರು ಬೇಡವೆಂದರು. ಆದರೆ ರೈಲಿನ ಕಿಟಕಿಯಲ್ಲಿ ಪರಿಚಯದ ಮುಖ ಕಂಡರೆ ಇವರಿಗೆ ತಡೆಯಲಾಗುತ್ತಿರಲಿಲ್ಲ. ಬೀದೀಲಿ ಹೋಗೋ ಮಾರಿಯನ್ನು ಮನೆಗೆ ಕರೆದ ಹಾಗೆ, ಇಳಿಸಿ ಕರೆದುಕೊಂಡೇ ಬರುತ್ತಿದ್ದರು. ಇವರ ತಲೆಸಿಡಿತ ಗಂಡು, ಹೆಣ್ಣು, ಮಕ್ಕಳು, ಹಾಸಿಗೆ ಸುರುಳಿ ಸಮೇತ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಜನ ಬಂದರೆ ಅತ್ತೆ ಮಡಿಯುಡುತ್ತಿದ್ದರು. ಮಡಿಯೆಂದರೆ ಆ ಮನೆಯಲ್ಲಿ ಕೋಟೆ. ಒದ್ದೆ ಸೀರೆಯುಟ್ಟು ಅಡಿಗೆಮನೆ ಹೊಕ್ಕರೆ ಅವರನ್ನು ಯಾರೂ ಮುಟ್ಟುವಂತಿಲ್ಲ, ಮಾತಾಡಿಸಿದರೂ ಉತ್ತರವಿಲ್ಲ. ಬಂದವರು ಹೇಗಿದ್ದೀರಿ ಎಂದರೆ ಒಳಗಿನಿಂದ ಸೌಟಿನ ಸದ್ದು ಬರುತ್ತಿತ್ತು. ಮಾವನವರಿಗೆ ಗಡಿಯಾರ. ಮನೆಯಲ್ಲಿ ಸ್ವಲ್ಪ ಬಿಸಿಯಾದರೆ ಸಾಕು, ಗೋಡೆಯ ಗಡಿಯಾರದ ಬಾಗಿಲು ತೆಗೆದು ಕೀಲಿ ಕೊಡಲು ನಿಲ್ಲುತ್ತಿದ್ದರು. ವಾರಕ್ಕೊಮ್ಮೆ ಕೊಡಬೇಕಾದ ಕೀಲಿಯನ್ನು ದಿನಕ್ಕೆ ಎಷ್ಟು ಸಲ ಕೊಡುತ್ತಿದ್ದರೋ, ಸ್ಪ್ರಿಂಗು ಮುರಿದು ಅದು ನಿಂತುಹೋಯಿತು. ಆಮೇಲೂ ಕೊಡುತ್ತಿದ್ದರು.

ಹೀಗೆ ಎಲ್ಲರಿಗೂ ಒಂದೊಂದು ದಾರಿಯಿತ್ತು. ಉಳಿದದ್ದೆಲ್ಲ ನನ್ನ ಪಾಲು. ನೀರು ಸೇದುವುದು, ಎಲೆ ಹಚ್ಚುವುದು, ಬಂದವರ ಮಕ್ಕಳ ಮೂಗು ಒರೆಸುವುದು, ಎಂಜಲು ಬಳಿಯುವುದು. ಅವರು ಹೋದಮೇಲೆ ಮಡಿಯಿಂದ ಹೊರಗೆ ಬಂದ ಅತ್ತೆಯ ಬಾಯಿಗೆ ಸಿಗುವುದೂ ನಾನೇ. ಮಗನನ್ನು ಬೈಯುವಂತಿಲ್ಲ, ಅವನು ದುಡಿಯುವವನು. ಗಂಡನನ್ನು ಬೈಯುವಂತಿಲ್ಲ, ಅವರು ಗಡಿಯಾರದ ಮುಂದೆ ನಿಂತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಸಾರಿಗೆ ಉಪ್ಪು ಕಡಿಮೆಯಾದರೂ ನಾನು ಸೇದಿದ ನೀರು ಸಪ್ಪೆ. ನಾನು ಬಾಯಿ ಬಿಡುತ್ತಿರಲಿಲ್ಲ. ತಿರುಗಿ ಮಾತಾಡಬೇಡ ಎಂದು ನನ್ನ ತಾಯಿ ಹೇಳಿ ಕಳಿಸಿದ್ದಳು. ಮಾತೆಲ್ಲ ಗಂಟಲಲ್ಲೇ ನಿಂತು, ಅನ್ನ ಇಳಿಯದೆ, ಯುಗಾದಿಯ ಹೊತ್ತಿಗೆ ನನ್ನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಒಂದು ಕೆಲಸಕ್ಕೆ ಮಾತ್ರ ನಾನು ಮನೆ ಬಿಟ್ಟು ಹೋಗಬಹುದಿತ್ತು. ಅದು ಬಟ್ಟೆ ಒಗೆಯುವುದು. ಹೊಳೆಯಲ್ಲಿ ಮೇಲಿನ ಬಂಡೆ ನಮ್ಮ ಬೀದಿಯವರದು, ಕೆಳಗಿನ ಬಂಡೆ ಒಕ್ಕಲಿಗರ ಹೆಂಗಸರದು, ಅಗಸರದು ಇನ್ನೂ ಕೆಳಗೆ. ಒಂದು ದಿನ ಮೇಲಿನ ಬಂಡೆಯ ಮೇಲೆ ಕುಳಿತು ನಾನು ಸುಮ್ಮನೆ ಅತ್ತುಬಿಟ್ಟೆ. ಎದುರು ಮನೆಯ ಸುಬ್ಬಮ್ಮ ಬೆನ್ನು ಸವರಿ, ಏನಾಯಿತೇ ಮಗು ಎಂದು ಕೇಳಿದರು. ಹೇಳಿದೆ. ನಾನು ಹಿಂಡಿದ ಬಟ್ಟೆ ಹೊತ್ತು ಮನೆಗೆ ಬರುವ ಮೊದಲೇ ನನ್ನ ಅಳು ಮನೆಗೆ ಬಂದಿತ್ತು. ಅತ್ತೆ ಆ ಸಂಜೆ ನನ್ನನ್ನು ಕೇಳಿದ ಮಾತುಗಳನ್ನು ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ. ಅತ್ತೆಯ ಮೇಲಲ್ಲ, ಸುಬ್ಬಮ್ಮನ ಮೇಲೆ.

ಮಾರನೆಯ ದಿನ ಕೆಳಗಿನ ಬಂಡೆಯಿಂದ ಕೆಂಪಮ್ಮ ಕೂಗಿ ಕರೆದಳು. ನಮ್ಮ ಹಿಂದಿನ ಬೀದಿಯ ಗೌಡರ ಮನೆಯವಳು, ಕೊಪ್ಪದ ಕಡೆ ಅವರಿಗೆ ಗದ್ದೆಯಿತ್ತು. ನಮ್ಮ ಮನೆಗೆ ಹಾಲು ಅವರದೇ.

“ಅಳಾಕೆ ಮ್ಯಾಲ್ಗಡೆ ಕೂತ್ಕಬ್ಯಾಡ ಕಣಮ್ಮ. ಅಲ್ಲಿ ಅತ್ರೆ ನೀರು ನಿಮ್ಮನೆಗೇ ಅರೀತದೆ. ಇಲ್ಲಿಗೆ ಬಾ.”

ಹೋದೆ. ಕೆಂಪಮ್ಮ ನನ್ನನ್ನು ಏನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಪಂಚೆಯನ್ನು ಸುರುಳಿ ಮಾಡಿ ಎತ್ತಿದಳು. ಕಬ್ಬು ಹಾಕಿದ ಮೇಲೆ ಆಕೆಯ ಗಂಡ ಗಾಡಿ ಕಟ್ಟಿಕೊಂಡು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಹಸು, ಎಮ್ಮೆ, ನಾಲೆ ನೀರಿನ ಪಾಳಿ, ಮುದುಕಿ ಅತ್ತೆ ಎಲ್ಲ ಇವಳ ತಲೆಗೆ. ಪಂಚೆಯನ್ನು ಬಂಡೆಗೆ ಅಪ್ಪಳಿಸುತ್ತ ಅದಕ್ಕೇ ಹೇಳಿದಳು:

“ಓಗು, ಓಗ್ ಬಿದ್ದಿರು ಮಂಡ್ಯದಲ್ಲೇ. ಕಬ್ಬೇ ಎಂಡ್ತಿ ನಿಂಗೆ. ನಾನ್ಯಾಕೆ ಬೇಕು, ಬುಡು.”

ಸುತ್ತಲಿನ ಹೆಂಗಸರು ಆಕೆಯ ಕಡೆ ನೋಡಲಿಲ್ಲ. ಒಬ್ಬಳು ಸೋಬಾನೆ ಪದ ಎತ್ತಿದಳು, ಇನ್ನೊಬ್ಬಳು ತನ್ನ ಬಟ್ಟೆಯನ್ನು ಇನ್ನೂ ಜೋರಾಗಿ ಒಗೆದಳು. ಅದು ಆ ಬಂಡೆಯ ಪದ್ಧತಿ. ಯಾರ ಮೇಲೆ ಸಿಟ್ಟೋ ಅವರ ಬಟ್ಟೆಗೆ ಹೇಳಬೇಕು, ಹೇಳುವವಳು ಹೇಳುವಾಗ ಉಳಿದವರು ಸದ್ದು ಮಾಡಬೇಕು. ಕೆಂಪಮ್ಮ ಪಂಚೆ ಹಿಂಡಿ, ಬೊಗಸೆಯಲ್ಲಿ ನೀರು ತೆಗೆದು ಬಂಡೆಯನ್ನು ತೊಳೆದು, ನಿನ್ನ ಪಾಳಿ ಎನ್ನುವಂತೆ ಸರಿದು ನಿಂತಳು.

“ಬಂಡೆಗೆ ಏಳಿದ್ದು ಬಂಡೆಗೆ. ಕಿವಿಗೆ ಬಿದ್ರೂ ಬಿದ್ದಿಲ್ಲ ಅನ್ಕಬೇಕು. ಊರಿಗೆ ತಗಂಡೋದೋಳ ಬಟ್ಟೆ ಕೊಳೆ ಬುಡಾಕಿಲ್ಲ.”

ನಾನು ಬುಟ್ಟಿಯಿಂದ ಅತ್ತೆಯ ಹಸಿರಂಚಿನ ಸೀರೆ ತೆಗೆದೆ. ಮೊದಲು ಮಾತು ಹೊರಡಲಿಲ್ಲ. ಮೂರು ನಾಲ್ಕು ಪೆಟ್ಟಿಗೆ ಹೊರಟಿತು. ಹೊರಟಮೇಲೆ ನಿಲ್ಲಲಿಲ್ಲ. ಆ ಮಧ್ಯಾಹ್ನ ಮನೆಗೆ ಬಂದು ತಟ್ಟೆ ತುಂಬ ಉಂಡೆ. ಅತ್ತೆ ಬೈದರು, ಕೇಳಿಸಿಕೊಂಡೆ, ನಾಳೆ ಬುಟ್ಟಿಯಲ್ಲಿ ಇವರ ಸೀರೆ ಇರುತ್ತದಲ್ಲ ಎಂದುಕೊಂಡೆ. ನನಗೆ ನಗು ಬಂತು, ನುಂಗಿಕೊಂಡೆ.

ಅಲ್ಲಿಂದ ಬೇಸಗೆ ಸಲೀಸಾಗಿ ಉರುಳಿತು. ಹೊಳೆ ಬತ್ತುತ್ತ ಬಂದು ಮರಳಿನಲ್ಲಿ ಗುಂಡಿ ತೋಡಿ ನೀರು ಮೊಗೆಯಬೇಕಾದರೂ ನಾನು ಕೆಳಗಿನ ಬಂಡೆಗೆ ಹೋಗುವುದನ್ನು ಬಿಡಲಿಲ್ಲ. ಇವರು ಜನ ಕರೆತಂದ ದಿನ ಇವರ ಅಂಗಿ, ಬೈಸಿಕೊಂಡ ದಿನ ಅತ್ತೆಯ ಸೀರೆ. ಮಾವನವರ ಪಂಚೆಯನ್ನು ಮಾತ್ರ ಮೆಲ್ಲಗೆ ಒಗೆಯುತ್ತಿದ್ದೆ, ಪಾಪದ ಮನುಷ್ಯ. ಇವರ ಅಂಗಿಯ ಗುಂಡಿಗಳು ಒಡೆದವು. ಮದ್ದೂರಿನ ನೀರು ಗಡುಸು, ಬಟ್ಟೆ ತಾಳುವುದಿಲ್ಲ ಎಂದು ಮಾವನವರು ತೀರ್ಮಾನಿಸಿದರು.

ಸುಬ್ಬಮ್ಮನವರಿಗೆ ಕಣ್ಣು, ಕಿವಿ ಎರಡೂ ಚುರುಕು. ನಾನು ಕೆಳಗಿನ ಬಂಡೆಯಲ್ಲಿ ಏನು ಮಾಡುತ್ತೇನೆಂದು ಒಂದು ದಿನ ಮರದ ಮರೆಯಲ್ಲಿ ನಿಂತು ನೋಡಿ, ಕೇಳಿ, ನೇರವಾಗಿ ನಮ್ಮ ಮನೆಗೆ ಹೋಗಿ ವರದಿ ಒಪ್ಪಿಸಿದರು. ಎರಡು ದಿನ ಅತ್ತೆ ಮಡಿ ಬಿಡಲಿಲ್ಲ. ಮನೆಗೆ ಯಾರೂ ಬಂದಿರಲಿಲ್ಲ, ಆದರೂ ಮಡಿ. ಮೂರನೆಯ ದಿನ ಹಸಿರಂಚಿನ ಸೀರೆಯನ್ನು ತಂದು ನನ್ನ ಮುಂದೆ ಬಿಡಿಸಿ ಹಿಡಿದರು. ಅಂಚು ಉದ್ದಕ್ಕೆ ಸೀಳಿತ್ತು.

“ಸೀರೆ ಹರೀತು ಅಂತ ನನಗೇನಿಲ್ಲ. ನನ್ನ ಸೀರೆ ಜೊತೆ ಮಾತಾಡ್ತೀಯಂತೆ. ನನ್ನ ಜೊತೆ ಮಾತಾಡೋದಕ್ಕೆ ಬಾಯಿರಲಿಲ್ಲವೆ?”

ನಾನು ಅಭ್ಯಾಸದಂತೆ ಸುಮ್ಮನೆ ನಿಂತೆ. ಅದೇ ಅವರಿಗೆ ಇನ್ನೂ ಸಿಟ್ಟು ತರಿಸಿತು. ಸಂಜೆ ಮಗ ಬಂದೊಡನೆ, ಇವಳನ್ನು ಸ್ವಲ್ಪ ದಿನ ತೌರಿಗೆ ಕಳಿಸು ಎಂದರು. ಆ ಕಾಲದಲ್ಲಿ ಸ್ವಲ್ಪ ದಿನ ಎಂದು ಕಳಿಸಿ ವರ್ಷಗಟ್ಟಲೆ ಕರೆಸಿಕೊಳ್ಳದೆ ಬಿಟ್ಟದ್ದನ್ನು ನಾನು ಮಳವಳ್ಳಿಯಲ್ಲೇ ನೋಡಿದ್ದೆ. ನನ್ನ ಹಿಂದೆ ಮದುವೆಗೆ ಬೆಳೆದ ತಂಗಿಯರಿದ್ದರು. ಹಿರಿಯವಳು ಗಂಡನ ಮನೆಯಿಂದ ಹಿಂದಿರುಗಿದ್ದಾಳೆ ಎಂದು ಗೊತ್ತಾದರೆ ಆ ಬಾಗಿಲಿಗೆ ಯಾರೂ ಹೆಣ್ಣು ಕೇಳಿಕೊಂಡು ಬರುತ್ತಿರಲಿಲ್ಲ.

ನಮ್ಮವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸ್ಟೇಷನ್ನಿಗೆ ಹೋಗಿ ಬಂದರು. ಬಂದು, ಅಮಾವಾಸ್ಯೆ ಕಳೆಯಲಿ, ಆಮೇಲೆ ಮಳವಳ್ಳಿಗೆ ಗಾಡಿ ಗೊತ್ತು ಮಾಡುತ್ತೇನೆ ಎಂದರು. ಅಷ್ಟರಲ್ಲಿ ತಾಯಿಯ ಮನಸ್ಸು ಕರಗೀತು ಎಂಬುದು ಅವರ ಲೆಕ್ಕ. ಕರಗಲೆಂದು ಅವರು ಮಾಡಿದ ಉಪಾಯವನ್ನು ಕೇಳಿ. ಜಗಳಕ್ಕೆಲ್ಲ ಹೊಳೆಯೇ ಕಾರಣ, ಹೊಳೆಗೆ ಹೋಗುವುದು ತಪ್ಪಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು, ದೊಡ್ಡ ಒಗೆಯುವ ಕಲ್ಲೊಂದನ್ನು ಗಾಡಿಯಲ್ಲಿ ಹೇರಿಸಿ ತಂದು ಹಿತ್ತಲಿನ ಬಾವಿಯ ಪಕ್ಕ ಹೂಳಿಸಿದರು. ನನ್ನನ್ನು ಕರೆದು ತೋರಿಸಿ, ಇನ್ನು ನಿನಗೆ ಬಿಸಿಲಲ್ಲಿ ನಡೆಯುವ ಕಷ್ಟವಿಲ್ಲ ಎಂದರು. ಅವರ ಮುಖದಲ್ಲಿ ನಿಜವಾದ ಪ್ರೀತಿಯಿತ್ತು. ಅದಕ್ಕೇ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆ ಕಲ್ಲು ಅಡಿಗೆಮನೆಯ ಕಿಟಕಿಗೆ ನೇರವಾಗಿತ್ತು. ನಾನು ಅಲ್ಲಿ ಒಗೆಯುವಾಗ ಕಿಟಕಿಯಲ್ಲಿ ಅತ್ತೆಯ ಮುಖ ಇರುತ್ತಿತ್ತು. ಬಟ್ಟೆಯನ್ನು ನಾನು ಮಗುವಿನ ಮೈ ತೊಳೆಯುವಂತೆ ಒಗೆದೆ. ಕೊಳೆ ಹೋಗಲಿಲ್ಲ, ಅದಕ್ಕೂ ಬೈಸಿಕೊಂಡೆ.

ಕೆಂಪಮ್ಮ ಹಾಲು ತಂದಾಗ ಒಂದು ದಿನ ಹಿತ್ತಲಿಗೆ ಬಂದು ಕಲ್ಲನ್ನು ನೋಡಿದಳು. ಒಳ್ಳೆ ಕಲ್ಲು ಕಣಮ್ಮ, ಆದರೆ ಇದಕ್ಕೆ ಬಾಯಿ ಕಟ್ಟಿದ್ದಾರೆ ಎಂದಳು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ನನ್ನ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ಇಡಲು ಶುರುಮಾಡಿದ್ದೆ.

ಅಮಾವಾಸ್ಯೆಯ ಮುನ್ನಾ ದಿನ ಇವರು ಸ್ಟೇಷನ್ನಿನಿಂದ ಒಬ್ಬಿಬ್ಬರನ್ನಲ್ಲ, ಒಂದು ಮದುವೆಯ ದಿಬ್ಬಣವನ್ನೇ ಕರೆತಂದರು. ಯಾರದೋ ಸೋದರಮಾವನ ಕಡೆಯವರು, ಮೈಸೂರಿನಲ್ಲಿ ಮದುವೆ ಮುಗಿಸಿಕೊಂಡು ಬರುತ್ತಿದ್ದವರು. ನನ್ನ ತೌರಿನ ಗಾಡಿಯ ಮಾತು ಮನೆಯಲ್ಲಿ ಹೊಗೆಯಾಡುತ್ತಿರುವಾಗ ಈ ಮನುಷ್ಯನಿಗೆ ಇದು ಹೇಗೆ ತೋಚಿತೋ. ಅತ್ತೆ ಬಾಗಿಲಲ್ಲಿ ನಿಂತು ಅಷ್ಟು ಜನವನ್ನು ನೋಡಿದರು, ಬಾವಿಗೆ ಹೋಗಿ ನೀರು ಸುರಿದುಕೊಂಡರು, ಒಳಗೆ ಹೋದರು. ಬೆಂಕಿಯ ಮುಂದೆ ಅವರು, ಉಳಿದೆಲ್ಲಕ್ಕೂ ನಾನು. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಬಂದವರಲ್ಲಿ ಒಬ್ಬ ಹಿರಿಯರು ಹುಳಿಗೆ ಹುಣಿಸೆ ಹೆಚ್ಚಾಯಿತು ಎಂದರು. ಮಾವನವರು, ಇವಳ ಕೈ ಮೊದಲಿನಿಂದಲೂ ಹಾಗೆಯೇ, ಮದುವೆಯಾದಾಗಿನಿಂದ ಹುಳಿ ತಿಂದೇ ನನ್ನ ಹಲ್ಲು ಹೋದದ್ದು ಎಂದು ನಗೆಯಾಡಿದರು. ಎಲ್ಲರೂ ನಕ್ಕರು. ಹುಳಿ ಬಡಿಸಲು ಹೊರಗೆ ಬಂದಿದ್ದ ಅತ್ತೆಯ ಕೈ ಒಂದು ಗಳಿಗೆ ನಿಂತು, ಮತ್ತೆ ಬಡಿಸಿತು.

ಸಂಜೆಯ ರೈಲಿಗೆ ಅವರನ್ನು ಹತ್ತಿಸಲು ಗಂಡಸರಿಬ್ಬರೂ ಹೋದರು. ಮನೆ ಒಮ್ಮೆಲೆ ನಿಶ್ಶಬ್ದವಾಯಿತು. ನಾನು ಅಡಿಗೆಮನೆಯಲ್ಲಿ ಬೀಸುಕಲ್ಲಿನ ಪಕ್ಕ ಕುಳಿತು ಕಾಲು ಚಾಚಿದ್ದೆ. ಇನ್ನು ಬೈಗುಳ ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ಹಿತ್ತಲಿನಿಂದ ಬಟ್ಟೆ ಅಪ್ಪಳಿಸುವ ಸದ್ದು ಬಂತು.

ಕಿಟಕಿಯಲ್ಲಿ ನೋಡಿದೆ. ಅತ್ತೆ ಹೊಸ ಕಲ್ಲಿನ ಮುಂದೆ ನಿಂತಿದ್ದರು. ಮುಟ್ಟಿದರೆ ಮೈಲಿಗೆಯೆಂದು ಅವರು ಕಡ್ಡಿಯಿಂದಲೂ ಮುಟ್ಟದ ಬಟ್ಟೆಯ ರಾಶಿ ಅವರ ಕಾಲ ಬಳಿಯಿತ್ತು. ಮೊದಲು ಮಾವನವರ ಪಂಚೆ. ಅದಕ್ಕೆ ಹಲ್ಲಿನ ವಿಷಯ ಹೇಳಿದರು. ಅದಾದಮೇಲೆ ಮಗನ ಅಂಗಿ. ಅದಕ್ಕೆ ರೈಲಿನ ವಿಷಯ. ನಾನು ನೋಡುತ್ತ ನಿಂತೆ. ಅವರು ಬಗ್ಗಿ ನನ್ನ ನೀಲಿ ಸೀರೆಯನ್ನು ಎತ್ತಿಕೊಂಡರು. ಸುರುಳಿ ಮಾಡಿ, ತಲೆಯ ಮೇಲೆತ್ತಿ, ಹೊಡೆದರು. ನನ್ನ ಹೆಸರು ಬಂತು. ಹೆಸರಿನ ಹಿಂದೆ ಒಂದು ಮಾತು ಬಂತು, ಅದರ ಹಿಂದೆ ಇನ್ನೊಂದು.

ಅಲ್ಲಿಯವರೆಗೆ ನಾನೊಬ್ಬಳೇ ನವೆಯುತ್ತಿದ್ದೇನೆ ಎಂದುಕೊಂಡಿದ್ದೆ. ಆ ಮುದುಕಿಗೆ ನಾನೂ ಒಂದು ಹೊರೆ ಎಂಬುದು ನನಗೆ ತೋಚಿಯೇ ಇರಲಿಲ್ಲ. ಕೋಪ ಬಂತು, ಸಂಕಟವಾಯಿತು, ಓಡಿ ಹೋಗಿ ಕಾಲು ಹಿಡಿಯಲೇ ಎನ್ನಿಸಿತು. ಆದರೆ ಬಂಡೆಯ ಪದ್ಧತಿ ನೆನಪಾಯಿತು. ನಾನು ಕಿಟಕಿಗೆ ಬೆನ್ನು ಮಾಡಿ ಕುಳಿತು ಬೀಸುಕಲ್ಲಿನ ಗೂಟ ಹಿಡಿದು ಬೀಸತೊಡಗಿದೆ. ಕಾಳು ಹಾಕುವುದಕ್ಕೂ ನಿಲ್ಲಲಿಲ್ಲ. ಕಲ್ಲಿಗೆ ಕಲ್ಲು ಉಜ್ಜಿ ಗರಗರ ಎಂದಿತು. ಹೊರಗೆ ಒಂದು ಪೆಟ್ಟು ತಡವಾಯಿತು. ಆಮೇಲೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ನಾನೂ ಜೋರಾಗಿ ಬೀಸಿದೆ. ಬೀಸುವ ಮೊದಲು ಕಿವಿಗೆ ಬಿದ್ದಿದ್ದ ಎರಡು ಮಾತುಗಳನ್ನು ನಾನು ನಮ್ಮವರಿಗೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಸದ್ದು ನಿಂತಮೇಲೆ ಅವರು ಒಳಗೆ ಬಂದು ಬಾಗಿಲಲ್ಲಿ ನಿಂತರು. ಸೀರೆ ಮೊಣಕಾಲಿನವರೆಗೆ ನೆನೆದಿತ್ತು, ಉಸಿರು ಏರಿತ್ತು. ಬೀಸುಕಲ್ಲಿನ ಸುತ್ತ ಹಿಟ್ಟಿಲ್ಲದಿರುವುದನ್ನು ನೋಡಿದರು.

“ಬರೀ ಕಲ್ಲು ಬೀಸಬಾರದು ಅಂತ ನಿನಗೆ ಯಾರೂ ಹೇಳಿಕೊಟ್ಟಿಲ್ಲವೇನೇ? ಮನೆಗೆ ಕೇಡು.”

“ಕೇಳಿಸಬಾರದು ಅಂತ ಬೀಸಿದೆ” ಎಂದೆ. ಆ ಮನೆಗೆ ಬಂದಮೇಲೆ ನಾನು ಅವರಿಗೆ ತಿರುಗಿ ಕೊಟ್ಟ ಮೊದಲ ಉತ್ತರ ಅದು.

ಅವರು ಹೊಸಿಲ ಮೇಲೇ ಕುಳಿತುಬಿಟ್ಟರು. ಅವರ ತೌರು ಹಲಗೂರು. ಅಲ್ಲಿ ಕೆರೆಯ ಕಲ್ಲಿನ ಮೇಲೂ ಹೆಂಗಸರು ಹೀಗೇ ಮಾಡುತ್ತಿದ್ದರೆಂದೂ, ಚಿಕ್ಕಂದಿನಲ್ಲಿ ತಮ್ಮ ತಾಯಿಯ ಜೊತೆ ಹೋಗಿ ತಾವು ಸದ್ದು ಮಾಡಲು ತಂಬಿಗೆ ಬಡಿಯುತ್ತಿದ್ದರೆಂದೂ, ಮದುವೆಯಾದಮೇಲೆ ತಮ್ಮ ಅತ್ತೆ ಮಡಿ ಕಲಿಸಿದರೆಂದೂ ನೆಲ ನೋಡುತ್ತ ಹೇಳಿದರು. ಮಡಿಯಲ್ಲಿ ಯಾರೂ ಹತ್ತಿರ ಬರುವುದಿಲ್ಲ, ಅದೇನೋ ಸರಿ, ಆದರೆ ಒಳಗಿರುವುದು ಒಳಗೇ ಇರುತ್ತದೆ ಕಣೇ ಎಂದರು. ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಎದ್ದು ಹೋಗುತ್ತ, ನೀನು ಹೇಳೋದಿದ್ದರೆ ನನಗೂ ಹೇಳಬಹುದು, ನಾನೇನು ಕಚ್ಚುವುದಿಲ್ಲ ಎಂದರು. ಕಚ್ಚುತ್ತಿದ್ದರು, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಗಂಡಸರು ಸ್ಟೇಷನ್ನಿನಿಂದ ಬಂದಾಗ ಅತ್ತೆ ಮಗನಿಗೆ ಮಳವಳ್ಳಿಯ ಗಾಡಿ ಬೇಡವೆಂದು ಹೇಳಿಬಿಟ್ಟರು. ಕಲ್ಲು ತಂದದ್ದರಿಂದಲೇ ಎಲ್ಲ ಸರಿಹೋಯಿತು ಎಂದು ನಮ್ಮವರು ಹಿಗ್ಗಿದರು. ಸಾಯುವವರೆಗೂ ಅದನ್ನೇ ನಂಬಿದ್ದರು. ಮಾವನವರು ನಿಂತ ಗಡಿಯಾರಕ್ಕೆ ಕೀಲಿ ಕೊಟ್ಟರು.

ಮಾರನೆಯ ಬೆಳಗ್ಗೆ ಅತ್ತೆ ಬುಟ್ಟಿ ಎತ್ತಿಕೊಂಡು ನನ್ನ ಮುಂದೆ ನಡೆದರು. ಮೇಲಿನ ಬಂಡೆಯ ಮೇಲಿದ್ದ ಸುಬ್ಬಮ್ಮ, ಇದೇನು ನೀವೇ ಬಂದಿರಿ ಎಂದು ಜಾಗ ಬಿಟ್ಟುಕೊಟ್ಟರು. ಅತ್ತೆ ಆಕೆಯನ್ನು ದಾಟಿ ಮರಳಿನಲ್ಲಿ ಕಾಲೆಳೆಯುತ್ತ ಕೆಳಗಿಳಿದರು. ಕೆಂಪಮ್ಮ ನೋಡಿದಳು, ಏನೂ ಕೇಳದೆ ತನ್ನ ಬಟ್ಟೆಯನ್ನು ಪಕ್ಕಕ್ಕೆಳೆದುಕೊಂಡು ಇಬ್ಬರು ನಿಲ್ಲುವಷ್ಟು ಕಲ್ಲು ಬಿಟ್ಟಳು, ಪದ ಎತ್ತಿದಳು.

ಅತ್ತೆ ಬುಟ್ಟಿಯಲ್ಲಿ ಕೈಯಾಡಿಸಿ ಎರಡು ಸೀರೆ ತೆಗೆದರು. ಅಂಚು ಹರಿದ ತಮ್ಮ ಸೀರೆಯನ್ನು ನನ್ನ ಕೈಗೆ ಕೊಟ್ಟರು. ನನ್ನ ನೀಲಿ ಸೀರೆಯನ್ನು ತಾವು ಇಟ್ಟುಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹರಿದರೆ ಹರೀಲಿ” ಎಂದರು.